ಬೆಲಾರ್ಮಿನೊನ ಚುಲೆಂಗೊ

ನಮ್ಮ ಮೆಲ್ಕಾಯ್ ದ್ವೀಪದಲ್ಲಿ ಯಾವ ಗುಟ್ಟಿಗೂ ಮಧ್ಯಾಹ್ನ ಒಂದೂವರೆಯ ತನಕ ಮಾತ್ರ ಆಯುಸ್ಸು. ಒಂದೂವರೆಗೆ ಪಟ್ಟಣದ ರೇಡಿಯೊದವರು ಸಂದೇಶಗಳನ್ನು ಓದುತ್ತಾರೆ. ಫೋನು ಇಲ್ಲದ, ವಾರಕ್ಕೆ ಎರಡೇ ಸಲ ದೋಣಿ ಮುಟ್ಟುವ ನಮ್ಮಂಥ ದ್ವೀಪಗಳಿಗೆ ಅದೇ ಅಂಚೆ, ಅದೇ ತಂತಿ. ಇಂಥವರ ಅತ್ತೆಯ ಆಪರೇಷನ್ ಸುಸೂತ್ರವಾಗಿ ಆಯಿತು; ಇಂಥವರ ಹಲ್ಲಿನ ಸೆಟ್ ತಯಾರಾಗಿದೆ, ಬಂದು ಒಯ್ಯತಕ್ಕದ್ದು; ಇಂಥವನು ಕೊನೆಗೂ ಮದುವೆಗೆ ಒಪ್ಪಿದ್ದಾನೆ, ಹುಡುಗಿಯ ಮನೆಯವರು ಹಂದಿಯನ್ನು ಮಾರಬಾರದು. ಸಂದೇಶ ಒಬ್ಬರಿಗೆ; ಕೇಳಿಸಿಕೊಳ್ಳುವವರು ಮೂವತ್ತೊಂದು ಮನೆಯವರು. ಆ ಹೊತ್ತಿನಲ್ಲಿ ಯಾರಾದರೂ ಚಮಚದ ಸದ್ದು ಮಾಡಿದರೆ ಮನೆಯ ಹಿರಿಯರು ಕಣ್ಣು ಬಿಡುತ್ತಾರೆ.

ಜುಲೈ ತಿಂಗಳ ಒಂದು ಶುಕ್ರವಾರ, ಹೊರಗೆ ಮಳೆ ಅಡ್ಡಡ್ಡವಾಗಿ ಬೀಳುತ್ತಿದ್ದಾಗ, ರೇಡಿಯೊದ ಹೆಣ್ಣುಮಗಳು ಓದಿದಳು: “ಮೆಲ್ಕಾಯ್ ದ್ವೀಪದ ಬೆಲಾರ್ಮಿನೊ ಚಿಗ್ವಾಯ್ ಅವರಿಗೆ. ನಿಮ್ಮ ಚುಲೆಂಗೊ ಗಡಿ ದಾಟಿ ಬಂದಿದೆ. ಮಂಗಳವಾರದ ದೋಣಿಗೆ ಹತ್ತಿಸುತ್ತೇವೆ. ಒಂದು ಕಾಲು ಸ್ವಲ್ಪ ಊನವಾಗಿದೆ. ಮಳೆಯಲ್ಲಿ ನಿಲ್ಲಿಸಬೇಡಿ.”

ಮೂವತ್ತೊಂದು ಮನೆಗಳಲ್ಲಿ ಚಮಚಗಳು ಬಾಯಿಯ ದಾರಿಯಲ್ಲೇ ನಿಂತವು.

ಚುಲೆಂಗೊ ಎಂದರೆ ಗ್ವಾನಾಕೊದ ಮರಿ. ಗ್ವಾನಾಕೊ ಎಂದರೆ ಒಂಟೆಯ ದೂರದ ದಾಯಾದಿ. ಉದ್ದ ಕುತ್ತಿಗೆ, ಕಡ್ಡಿಯಂಥ ಕಾಲು, ತಬ್ಬಲಿಯ ಕಣ್ಣು. ದಕ್ಷಿಣದ ಪತಗೋನಿಯಾ ಬಯಲಿನಲ್ಲಿ ಹಿಂಡುಹಿಂಡಾಗಿ ಅಲೆಯುವ ಕಾಡುಪ್ರಾಣಿ. ಮನೆಗೆ ತಂದು ಸಾಕುವಂತಿಲ್ಲ, ಕೊಲ್ಲುವಂತಿಲ್ಲ, ಕಾನೂನಿದೆ. ಅನುಮಾನಕ್ಕೆ ಎಡೆ ಇರಬಾರದೆಂದು ನಾನು ಶಾಲೆಯ ನಿಘಂಟನ್ನು ತೆಗೆದು ನೋಡಿದೆ. ಅಲ್ಲಿಯೂ ಅದೇ ಅರ್ಥ, ಒಂದೇ ಅರ್ಥ. ಆದರೆ ನಿಘಂಟು ಅಚ್ಚಾದದ್ದು ನಮ್ಮ ರಾಜಧಾನಿಯಲ್ಲಿ. ಬೆಲಾರ್ಮಿನೊ ಬಂದದ್ದು ಆಚೆ ಕಡೆಯಿಂದ, ಅಂದರೆ ಗಡಿಯ ಆಚೆಗಿನ ಅರ್ಜೆಂಟೀನಾದಿಂದ. ಅಲ್ಲಿ ಎಣ್ಣೆಯ ಡ್ರಮ್ಮನ್ನು ಅಡ್ಡ ಮಲಗಿಸಿ, ಅದಕ್ಕೆ ನಾಲ್ಕು ಕಬ್ಬಿಣದ ಕಾಲು ಹಚ್ಚಿ, ಉದ್ದನೆಯ ಹೊಗೆ ಕೊಳವೆ ನಿಲ್ಲಿಸಿ ಅಂಗಳದ ಸೌದೆ ಒಲೆ ಮಾಡುತ್ತಾರೆ. ದೂರದಿಂದ ನೋಡಿದರೆ ಕುತ್ತಿಗೆ ಎತ್ತಿ ನಿಂತ ಮರಿಯ ಹಾಗೇ ಕಾಣುತ್ತದೆಂದು ಅದನ್ನೂ ಚುಲೆಂಗೊ ಎಂದೇ ಕರೆಯುತ್ತಾರೆ. ಈ ಸಣ್ಣ ಸಂಗತಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಸರ್ಕಾರದ ಡೀಸೆಲ್ ಉಳಿಯುತ್ತಿತ್ತು.

ಬೆಲಾರ್ಮಿನೊ ಇಪ್ಪತ್ತೆಂಟು ವರ್ಷ ಆಚೆ ಕಡೆಯ ಕುರಿ ಫಾರಂಗಳಲ್ಲಿ ದುಡಿದು, ಮಾರ್ಚ್‌ನಲ್ಲಿ ದ್ವೀಪಕ್ಕೆ ಹಿಂತಿರುಗಿದ್ದ. ತೀರಿಕೊಂಡ ದೊಡ್ಡಮ್ಮನ ಮನೆ ಅವನ ಪಾಲಿಗೆ ಬಂದಿತ್ತು. ಐವತ್ತಾರು ವರ್ಷ. ಮದುವೆ ಆಗಿರಲಿಲ್ಲ. ನಾಯಿಯೂ ಇರಲಿಲ್ಲ, ಅಲ್ಲಿ ಜೊತೆಗಿದ್ದ ನಾಯಿ ಫಾರಂ ಮಾಲೀಕನದಂತೆ. ಆಸಾಮಿಯಲ್ಲಿದ್ದ ಒಂದೇ ದೊಡ್ಡಸ್ತಿಕೆಯೆಂದರೆ “ಆಚೆ ಕಡೆ” ಎನ್ನುವ ಮಾತು. ಆಚೆ ಕಡೆ ಕುರಿ ಇಲ್ಲಿಯದಕ್ಕಿಂತ ದೊಡ್ಡದಂತೆ. ಆಚೆ ಕಡೆಯ ಗಾಳಿಗೆ ಗೂಟಕ್ಕೆ ಕಟ್ಟಿದ ಕುದುರೆ ಒಣಹಾಕಿದ ಅಂಗಿಯ ಹಾಗೆ ಹಾರಾಡುತ್ತದಂತೆ. ಇದಕ್ಕಾಗಿ ಯಾರಿಗೂ ಅವನ ಮೇಲೆ ಕೋಪವಿರಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ಪರಿಚಯವೇ ಇರಲಿಲ್ಲ.

ನನ್ನ ಮನೆ ಅವನ ಮನೆಯ ಎದುರಿಗೆ, ದಾರಿಯ ಮೇಲುಭಾಗದಲ್ಲಿದೆ. ಶಾಲೆಗೆ ಸೇರಿದ ಮನೆ; ನಾನೊಬ್ಬಳೇ ಇರುವುದು. ಕಿಟಕಿಯಿಂದ ಅವನ ಬೇಲಿಯ ಗೇಟು, ಮುಂಭಾಗ, ಮಾಡು ಕಾಣುತ್ತವೆ, ಹಿತ್ತಲು ಕಾಣುವುದಿಲ್ಲ. ಮೇ ತಿಂಗಳಲ್ಲಿ ಒಮ್ಮೆ, ಅವನು ಎರವಲು ಒಯ್ದಿದ್ದ ಶಾಲೆಯ ಏಣಿಗಾಗಿ ಚೀಟಿ ಕಳಿಸಿ, ಆಮೇಲೆ ನಾನೇ ವಾಪಸು ಕೇಳಲು ಹೋಗಿದ್ದೆ. ಅವನು ತನ್ನಲ್ಲಿದ್ದ ಒಂದೇ ಕುರ್ಚಿಯನ್ನು ಎಳೆದು ಹಾಕಿ, ಅದನ್ನು ತೋಳಿನಿಂದ ಒರೆಸಿದ.

“ಟೀಚರ್, ಮಾರ್ಚ್‌ನಿಂದ ನನ್ನ ಮನೆಗೆ ಹನ್ನೊಂದು ಜನ ಬಂದಿದ್ದಾರೆ. ಎಲ್ಲರೂ ನಿಂತ್ಕೊಂಡೇ ಮಾತಾಡಿ ಹೋದ್ರು. ಕೂತವರು ಒಬ್ಬರೂ ಇಲ್ಲ. ಆಚೆ ಕಡೆ ಹಾಗಲ್ಲ. ಒಂದು ಬೆಂಕಿ ಹಾಕಿದ್ರೆ ಸಾಕು, ಕುದುರೆ ಮೇಲೆ ಹೋಗ್ತಿದ್ದವನೂ ಇಳಿದು ಬಂದು ಕೂರ್ತಿದ್ದ. ಹೆಸರು ಕೂಡ ಕೇಳ್ತಿರಲಿಲ್ಲ. ನೀವು ಕೂತ್ಕೊಳ್ಳಿ.”

ನನಗೆ ಕೆಲಸವಿದೆ ಎಂದು ಹೇಳಿ ಏಣಿ ಹೊತ್ತುಕೊಂಡು ಬಂದೆ. ಹನ್ನೆರಡನೆಯವಳು.

ಚಳಿ ಹೆಚ್ಚಿತು. ದೊಡ್ಡಮ್ಮನ ಅಡುಗೆಮನೆಯ ಕಬ್ಬಿಣದ ಒಲೆಯ ತಳ ತುಕ್ಕು ಹಿಡಿದು ತೂತಾಗಿತ್ತು. ಹೊಸದು ಕೊಳ್ಳುವ ಬದಲು ಬೆಲಾರ್ಮಿನೊ ಆಚೆ ಕಡೆಯ ಗೆಳೆಯನಿಗೆ ಹೇಳಿ ಕಳಿಸಿದ. ಹಿತ್ತಲಿನ ಚಾವಣಿಯ ಕೆಳಗೆ ಒಲೆ ನಿಲ್ಲಿಸುವುದು. ಅದರ ಬೆನ್ನಿನಿಂದ ಒಂದು ಕೊಳವೆಯನ್ನು ಗೋಡೆ ಕೊರೆದು ಮಲಗುವ ಕೋಣೆಯ ಮೂಲಕ ಹಾಯಿಸುವುದು. ಅಡುಗೆಗೆ ಅಡುಗೆ, ಬಿಸಿಗೆ ಬಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಸುತ್ತ ಜನ ಕೂರಲು ಜಾಗ. ಯಾರಾದರೂ ಒಬ್ಬರು ಬಂದು ಕೂರಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮಂಗಳವಾರ ದೋಣಿ ಬಂದಾಗ ಮಳೆಯಲ್ಲಿ ಮೂರು ಅಡಿ ಆಚೆಯದು ಕಾಣುತ್ತಿರಲಿಲ್ಲ. ಬೆಲಾರ್ಮಿನೊ ಎತ್ತಿನ ಜಾರುಬಂಡಿ ಎರವಲು ತಂದು, ಹಲಗೆಯ ದೊಡ್ಡ ಪೆಟ್ಟಿಗೆಯೊಂದನ್ನು ಅದರ ಮೇಲೆ ಹೇರಿ, ತನ್ನ ಹಾಸಿಗೆಯ ಕಂಬಳಿಯನ್ನೇ ಅದಕ್ಕೆ ಹೊದಿಸಿ, “ನಿಧಾನ, ನಿಧಾನ, ಕಾಲು ಹುಷಾರು” ಎನ್ನುತ್ತಾ ಮನೆಗೆ ಒಯ್ದ. ಇದನ್ನು ನೋಡಿದ್ದು ದೋಣಿಯ ಯಜಮಾನ ದೋನ್ ಸಿಕ್ಸ್ತೊ ಒಬ್ಬನೇ. ದೋನ್, ದೋನ್ಯಾ ಎನ್ನುವುದು ನಮ್ಮಲ್ಲಿ ಹೆಸರಿನ ಹಿಂದೆ ಹಚ್ಚುವ ಮರ್ಯಾದೆ. ಸಿಕ್ಸ್ತೊ ಸುಳ್ಳುಗಾರನಲ್ಲ, ಆದರೆ ಖಾಲಿ ಕೈಯಲ್ಲಿ ಯಾರ ಮನೆಗೂ ಸುದ್ದಿ ಹೇಳಲು ಹೋಗುವವನಲ್ಲ. ಮೊದಲ ಮನೆಯಲ್ಲಿ, ಪೆಟ್ಟಿಗೆ ಭಾರವಾಗಿತ್ತು ಎಂದ. ಮೂರನೆಯ ಮನೆಯಲ್ಲಿ ಪೆಟ್ಟಿಗೆ ಅಲುಗಾಡಿತು. ಆರನೆಯ ಮನೆಗೆ ಬರುವಷ್ಟರಲ್ಲಿ ಪೆಟ್ಟಿಗೆ ಕೆಮ್ಮಿತ್ತು.

ಮಾರನೆಯ ದಿನ ನಾನು ಸೀಮೆಸುಣ್ಣ ಕೊಳ್ಳಲು ದೋನ್ಯಾ ಎದೆಲ್ಮೀರಾಳ ಅಂಗಡಿಯಲ್ಲಿದ್ದೆ. ನಮ್ಮ ದ್ವೀಪದಲ್ಲಿ ಅಂಗಡಿ, ನ್ಯಾಯಾಲಯ, ಆಸ್ಪತ್ರೆ ಮೂರೂ ಎದೆಲ್ಮೀರಾಳೇ. ಬೆಲಾರ್ಮಿನೊ ಒದ್ದೆಯಾಗಿ, ಹಲ್ಲು ಕಿರಿಯುತ್ತಾ ಒಳಗೆ ಬಂದು ಒಂದು ಸುರುಳಿ ತಂತಿ ಕೇಳಿದ.

“ಬಂತೇನಪ್ಪಾ ನಿನ್ನ ಚುಲೆಂಗೊ?” ಎಂದಳು ಎದೆಲ್ಮೀರಾ.

“ಬಂತಕ್ಕಾ! ದಾರಿಯಲ್ಲಿ ಸ್ವಲ್ಪ ಜಜ್ಜಿಹೋಗಿದೆ ಪಾಪ. ಆದ್ರೂ ನಾಲ್ಕೂ ಕಾಲ ಮೇಲೆ ನಿಂತಿದೆ. ಆ ಊನದ ಕಾಲಿಗೇ ತಂತಿ ಬೇಕಾಗಿರೋದು.”

“ತಂತಿ ಸುತ್ತುತ್ತೀಯಾ? ಬಟ್ಟೆ ಸುತ್ತೋದು ಬಿಟ್ಟು?”

“ಬಟ್ಟೆ ಸುಟ್ಟುಹೋಗುತ್ತಲ್ಲಾ. ಮೈ ಹಾಗೆ ಕಾಯುತ್ತೆ.”

ಎದೆಲ್ಮೀರಾ ನನ್ನ ಕಡೆ ನೋಡಿದಳು. ಮರಿಗೆ ಜ್ವರ ಎಂದು ನಾವಿಬ್ಬರೂ ಅರ್ಥ ಮಾಡಿಕೊಂಡೆವು.

“ಏನು ತಿನ್ನಿಸ್ತಿದ್ದೀಯ?”

“ಲೂಮಾ ಮರದ್ದು. ಚೆನ್ನಾಗಿ ಒಣಗಿದ್ದೇ ಆಗಬೇಕು. ಹಸಿಯದು ಕೊಟ್ರೆ ಕೆಮ್ಮು, ಕಣ್ಣಲ್ಲಿ ನೀರು.”

“ಅಯ್ಯೋ, ಅದರ ಕಣ್ಣಲ್ಲಿ ನೀರು ಬರುತ್ತಾ?”

“ಅದರದ್ದಲ್ಲಕ್ಕಾ. ನನ್ನ ಕಣ್ಣಲ್ಲಿ.”

ಎದೆಲ್ಮೀರಾಳ ಮುಖ ಬೆಣ್ಣೆಯಾಯಿತು. ಇಪ್ಪತ್ತೆಂಟು ವರ್ಷ ಕುರಿಗಳ ನಡುವೆ ಇದ್ದೂ ಮನುಷ್ಯ ಕಲ್ಲಾಗಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಒಳಗೆ ಹೋಗಿ ಒಂದು ಸಣ್ಣ ಚೀಲ ತವುಡು ತಂದು ಅವನ ಕೈಯಲ್ಲಿಟ್ಟಳು. “ಬಿಸಿನೀರಲ್ಲಿ ಕಲಸಿ ಕೊಡು. ನನ್ನ ಕಡೆಯಿಂದ.”

ಬೆಲಾರ್ಮಿನೊಗೆ ತವುಡು ಯಾಕೆಂದು ತಿಳಿಯಲಿಲ್ಲ. ಆದರೆ ದ್ವೀಪಕ್ಕೆ ಬಂದ ಮೇಲೆ ಯಾರಾದರೂ ಅವನಿಗೆ ಏನಾದರೂ ಕೊಟ್ಟದ್ದು ಅದೇ ಮೊದಲು. ಕೇಳಿದರೆ ಎಲ್ಲಿ ವಾಪಸು ತೆಗೆದುಕೊಂಡುಬಿಡುತ್ತಾಳೋ ಎಂಬ ಹಾಗೆ ಚೀಲವನ್ನು ಕೋಟಿನೊಳಗೆ ಸೇರಿಸಿ ಹೊರಟ. ಅದನ್ನು ಬಿಸಿನೀರಲ್ಲಿ ಕಲಸಿ, ಎರಡು ದಿನ ಬೆಳಗಿನ ಹೊತ್ತು ತಾನೇ ತಿಂದನಂತೆ. ಇಲ್ಲಿಯವರು ಹೀಗೇ ತಿನ್ನುತ್ತಾರೇನೋ, ತನಗೆ ಮರೆತಿರಬೇಕು ಎಂದುಕೊಂಡನಂತೆ.

ಗುರುವಾರ ಮಧ್ಯಾಹ್ನದ ತನಕ ಅವನಿಗೆ ದ್ವೀಪದಲ್ಲಿ ಒಳ್ಳೆಯ ಹೆಸರಿತ್ತು. ಒಂಟಿ ಮನುಷ್ಯ, ಕುಂಟು ಮರಿ, ತನ್ನ ಕಂಬಳಿಯನ್ನೇ ಹೊದಿಸಿದ್ದಾನೆ. ಹೆಂಗಸರು ದಾರಿಯಲ್ಲಿ ಸಿಕ್ಕಾಗ ನಕ್ಕರು ಕೂಡ. ಅವನೂ ಹಿಂದೆ ತಿರುಗಿ, ತನ್ನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ನಕ್ಕ.

ಗುರುವಾರ ಮಳೆ ನಿಂತಿತು. ಹನ್ನೊಂದು ಗಂಟೆಗೆ ಬೆಲಾರ್ಮಿನೊನ ಹಿತ್ತಲಿನಿಂದ ದಪ್ಪ ಹೊಗೆ ಎದ್ದಿತು. ಹನ್ನೆರಡಕ್ಕೆ ವಾಸನೆ ಇಳಿಯಿತು. ಕೊಬ್ಬು ಕಾದು ಚರ್ಮ ಗರಿಗರಿಯಾಗುವ ಮಾಂಸದ ವಾಸನೆ. ತರಗತಿಯಲ್ಲಿ ಹದಿನಾಲ್ಕು ಮಕ್ಕಳು ಭಾಗಾಕಾರ ಬಿಟ್ಟು ಮೂಗು ಎತ್ತಿದರು. ವಾಸನೆ ಗಾಳಿಯ ಜೊತೆ ಇಳಿಜಾರಿನಲ್ಲಿ ಇಳಿದು, ಒಂದೊಂದೇ ಮನೆಯ ಬಾಗಿಲು ತಟ್ಟುತ್ತಾ ಎದೆಲ್ಮೀರಾಳ ಅಂಗಡಿಯ ತನಕ ಹೋಗಿ ನಿಂತಿತು.

“ತಿಂದುಬಿಟ್ಟ!” ಎಂದಳು ಎದೆಲ್ಮೀರಾ.

ಶುಕ್ರವಾರ ಅವನು ಉಪ್ಪು ಕೊಳ್ಳಲು ಬಂದಾಗ ಅಂಗಡಿಯಲ್ಲಿ ಆರು ಹೆಂಗಸರಿದ್ದರು. ಯಾರಿಗೂ ಏನೂ ಕೊಳ್ಳುವುದಿರಲಿಲ್ಲ. ನನಗೂ ಸೀಮೆಸುಣ್ಣ ಬೇಕಾಗಿರಲಿಲ್ಲ.

“ಹೇಗಿದೆ ನಿನ್ನ ಚುಲೆಂಗೊ?” ಎದೆಲ್ಮೀರಾಳ ದನಿ ಮೀನು ಕೊಯ್ಯುವ ಚಾಕುವಿನ ಹಾಗಿತ್ತು.

“ಏನು ಹೇಳಲಿ ಅಕ್ಕಾ! ನಿನ್ನೆ ಮೊದಲ ಸಲ. ಕೊಬ್ಬು ತೊಟಕ್ ತೊಟಕ್ ಅಂತ ಬೀಳ್ತಿತ್ತು. ಒಬ್ಬನೇ ಕೂತು ಮೂಳೆ ಚೀಪಿದೆ.”

“ಒಬ್ಬನೇ.”

“ಇನ್ಯಾರಿದ್ದಾರೆ?”

ಅವನು ಅದನ್ನು ಬೇರೆ ಅರ್ಥದಲ್ಲಿ ಹೇಳಿದ. ಆರು ಹೆಂಗಸರು ಬೇರೆ ಅರ್ಥದಲ್ಲಿ ಕೇಳಿಸಿಕೊಂಡರು.

“ಮನಸ್ಸಾದರೂ ಹೇಗೆ ಬಂತು ಮಾರಾಯಾ? ಮಂಗಳವಾರ ತಾನೇ ಬಂದದ್ದು!”

“ಇನ್ನೆಷ್ಟು ದಿನ ಕಾಯೋದು? ಆಚೆ ಕಡೆಯವರಾದ್ರೆ ಇಳಿಸಿದ ದಿನವೇ ಬೆಂಕಿ ಹಾಕ್ತಿದ್ರು. ಅದಿರಲಿ, ಬರೋ ವಾರ, ಭಾನುವಾರ ಒಂದು ಗಂಟೆಗೆ ಮತ್ತೆ ಚುಲೆಂಗೊ ಇಟ್ಕೊಂಡಿದ್ದೀನಿ. ನೀವೆಲ್ಲಾ ಬರಬೇಕು. ಕೂತು ತಿನ್ನೋಣ.”

“ಮತ್ತೆನಾ? ಇನ್ನೂ ಉಳಿದಿದೆಯಾ?”

“ಉಳಿಯೋದೇನು ಅಕ್ಕಾ, ಇಡೀ ಚುಲೆಂಗೊ ಹಾಗೇ ಇದೆ! ನೋಡ್ಕೊಂಡ್ರೆ ಇನ್ನು ಇಪ್ಪತ್ತು ವರ್ಷ ಬರುತ್ತೆ.”

ಉಪ್ಪು ತೆಗೆದುಕೊಂಡು ಅವನು ಹೋದ ಮೇಲೆ ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಒಂದಲ್ಲ, ಹಿಂಡೇ ಇದೆ. ಇಪ್ಪತ್ತು ವರ್ಷಕ್ಕಾಗುವಷ್ಟು!

ಅದೇ ದಿನ ಮಧ್ಯಾಹ್ನ ಶಾಲೆಯಲ್ಲಿ ಸಭೆ ಸೇರಿತು. ಇಪ್ಪತ್ತಾರು ಮನೆಯವರು ಬಂದಿದ್ದರು. ಬೆಲಾರ್ಮಿನೊನನ್ನು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಆರೋಪ ಹೊತ್ತವನನ್ನು ಕರೆದರೆ ಸಭೆಯ ಸ್ವಾರಸ್ಯ ಕೆಡುತ್ತದೆ.

ದೋನ್ ಸಿಕ್ಸ್ತೊ ಯೌವನದಲ್ಲಿ ಒಂದು ಬೇಸಿಗೆ ಪತಗೋನಿಯಾದಲ್ಲಿ ಕುರಿ ಉಣ್ಣೆ ಕತ್ತರಿಸಿದ್ದವನು. ಹಾಗಾಗಿ ಕಾನೂನು ಅವನೇ ಹೇಳಬೇಕಾಯಿತು. “ಗ್ವಾನಾಕೊ ಮರಿ ಕೊಂದ್ರೆ ಐದು ವರ್ಷ ಜೈಲು. ಕುಂಟು ಮರಿ ಆದ್ರೆ ಏಳು. ಅದು ಕೆಮ್ಮಿದ್ದನ್ನ ನಾನು ಈ ಕಿವಿಯಾರೆ ಕೇಳಿದ್ದೀನಿ.”

“ಜೈಲಿನ ಮಾತು ಆಮೇಲೆ,” ಎಂದು ಎದೆಲ್ಮೀರಾ ಎದ್ದು ನಿಂತಳು. “ನನ್ನ ತಟ್ಟೆ ಎಲ್ಲಿ? ಅದು ಹೇಳಿ ಮೊದಲು.”

ನಮ್ಮಲ್ಲಿ ಹಂದಿಯನ್ನೋ ಕುರಿಯನ್ನೋ ಕಡಿದರೆ ಮನೆಯವರ ಬಾಯಿಗೆ ಹೋಗುವ ಮೊದಲು ನೆರೆಮನೆಗಳಿಗೆ ಒಂದೊಂದು ತಟ್ಟೆ ಹೋಗಬೇಕು. ಬಟ್ಟೆ ಮುಚ್ಚಿಕೊಂಡು ಒಯ್ಯುವ ಆ ತಟ್ಟೆಗೆ ಯೋಕೊ ಎನ್ನುತ್ತೇವೆ. ಅವರ ಮನೆಯಲ್ಲಿ ಕಡಿದ ದಿನ ಅದೇ ತಟ್ಟೆ ತುಂಬಿ ವಾಪಸು ಬರುತ್ತದೆ. ಕಾಡುಪ್ರಾಣಿಯನ್ನು ಕೊಂದವನನ್ನು ನಮ್ಮ ಜನ ಕ್ಷಮಿಸಿಯಾರು. ಕೊಂದು ಒಬ್ಬನೇ ತಿಂದವನನ್ನು ಕ್ಷಮಿಸುವುದಕ್ಕೆ ಯಾರ ಬಳಿಯೂ ಅಧಿಕಾರವಿಲ್ಲ.

“ಒಮ್ಮೆ ಅವರನ್ನೇ ಕೇಳಿ ನೋಡಬಹುದಲ್ಲ?” ಎಂದೆ ನಾನು.

“ಕೇಳಿದ್ವಲ್ಲಾ ಟೀಚರಮ್ಮಾ! ಮೂಳೆ ಚೀಪಿದೆ ಅಂದ. ನೀವೂ ಅಲ್ಲೇ ಇದ್ರಿ. ಬರೀರಿ ನೀವು, ನಿಮ್ಮ ಅಕ್ಷರ ಚೆನ್ನಾಗಿದೆ.”

ಪಶು ಇಲಾಖೆಗೆ ಕಾಗದ ಬರೆಯುವ ಕೆಲಸ ನನಗೆ ಬಂತು. ಪದಗಳ ವಿಷಯದಲ್ಲಿ ನಾನು ಎಚ್ಚರದವಳು. “ಗ್ವಾನಾಕೊ ಮರಿಯೊಂದನ್ನು ತಂದಿದ್ದಾರೆ ಎನ್ನಲಾಗಿದೆ,” “ವಧಿಸಿದ್ದಾರೆ ಎನ್ನಲಾಗಿದೆ,” “ಇನ್ನಷ್ಟು ಮರಿಗಳಿವೆ ಎನ್ನಲಾಗಿದೆ” ಎಂದು ಬರೆದೆ. ಸಂಬಂಧಪಟ್ಟ ವ್ಯಕ್ತಿಯನ್ನು ಎಲ್ಲೆಡೆ ‘ಶ್ರೀಯುತರು’ ಎಂದೇ ಕರೆದೆ. ತಟ್ಟೆಯ ವಿಷಯ ಸೇರಿಸಲೇಬೇಕೆಂದು ಎದೆಲ್ಮೀರಾ ಹಟ ಹಿಡಿದದ್ದರಿಂದ ಕೊನೆಯಲ್ಲಿ ಹೀಗೆ ಬರೆದೆ: “ವಿಶೇಷ ಸೂಚನೆ: ಶ್ರೀಯುತರು ನೆರೆಹೊರೆಗೆ ಪಾಲು ಕಳಿಸಿರುವುದಿಲ್ಲ. ಮುಂದಿನ ವಧೆ ಬರುವ ವಾರ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ.” ಶನಿವಾರದ ದೋಣಿಯಲ್ಲಿ ಕಾಗದ ಹೋಯಿತು.

ಮುಂದಿನ ವಾರವಿಡೀ ಬೆಲಾರ್ಮಿನೊ ಆಹ್ವಾನಿಸುತ್ತಾ ತಿರುಗಿದ. ಪ್ರತಿ ಮನೆಯಲ್ಲೂ ಬಾಗಿಲು ಒಂದು ಗೇಣು ತೆರೆಯುತ್ತಿತ್ತು.

“ಭಾನುವಾರ ಬರ್ತೀರಲ್ಲ?”

“ಬರ್ತೀವಿ. ಖಂಡಿತಾ ಬರ್ತೀವಿ. ನೋಡದೆ ಇರ್ತೀವಾ?”

ಎಲ್ಲರೂ ಒಪ್ಪಿಕೊಂಡರು! ಅವನು ನನ್ನ ಗೇಟಿಗೆ ಬಂದು, ಮೂವತ್ತು ಮನೆಗೂ ಹೇಳಿದ್ದೇನೆ, ಒಬ್ಬರೂ ಇಲ್ಲ ಅನ್ನಲಿಲ್ಲ ಎಂದು ಹೇಳುವಾಗ ಅವನ ಟೊಪ್ಪಿಯ ಕೆಳಗೆ ಕಿವಿಗಳು ಕೆಂಪಾಗಿದ್ದವು. ಕೂರಲು ಜಾಗ ಸಾಲದೆಂದು ಮೂರು ದಿನ ಮರದ ದಿಮ್ಮಿ ಕೊಯ್ದ. ಬುಧವಾರದಿಂದ ಶುಕ್ರವಾರದವರೆಗೆ ಗರಗಸದ ಸದ್ದು ಕೇಳುತ್ತಲೇ ಇತ್ತು. ನಾನು ಕಿಟಕಿ ಮುಚ್ಚಿದೆ. ಮುಚ್ಚಿದರೂ ಕೇಳುತ್ತಿತ್ತು.

ಭಾನುವಾರ ಹನ್ನೆರಡೂ ಮುಕ್ಕಾಲಿಗೆ ಇಲಾಖೆಯ ಬೋಟು ಬಂತು. ಇಳಿದವನು ಉರ್ರೆಹೋಲಾ ಎಂಬ ಎಳೆಯ ಇನ್‌ಸ್ಪೆಕ್ಟರು. ಮೂರು ಗಂಟೆ ಅಲೆಗಳ ಮೇಲೆ ಬಂದು ಮುಖ ಹಸಿರಾಗಿತ್ತು. ಬಗಲಲ್ಲಿ ಹಗ್ಗ, ಮರಿಗೆಂದು ಒಂದು ಹಾಲಿನ ಬಾಟಲಿ, ಮೂರು ಪ್ರತಿಗಳ ಫಾರಂ. ಅವನ ಹಿಂದೆ ಇಡೀ ದ್ವೀಪ. ಎದೆಲ್ಮೀರಾ ಶಾಲಿನ ಒಳಗೆ ಒಂದು ಖಾಲಿ ತಟ್ಟೆ ಇಟ್ಟುಕೊಂಡಿದ್ದಳು. ತನಗೆ ಏನು ಬಂದಿಲ್ಲ ಎಂಬುದಕ್ಕೆ ಸಾಕ್ಷಿ.

ಬೆಲಾರ್ಮಿನೊ ಗೇಟಿನಲ್ಲೇ ನಿಂತಿದ್ದ. ತಲೆ ಬಾಚಿ, ಕುತ್ತಿಗೆಯ ಗುಂಡಿಯವರೆಗೂ ಅಂಗಿ ಹಾಕಿದ್ದ. ದಾರಿ ತುಂಬ ಜನ ಬರುವುದನ್ನು ಕಂಡು ಗೇಟನ್ನು ಪೂರ್ತಿ ತೆರೆದು ಹಿಡಿದ.

“ಬೆಲಾರ್ಮಿನೊ ಚಿಗ್ವಾಯ್ ನೀವೇನಾ?” ಎಂದ ಇನ್‌ಸ್ಪೆಕ್ಟರು.

“ನಾನೇ ಸಾರ್. ಬನ್ನಿ, ಬನ್ನಿ. ನಿಮ್ಮ ಗುರುತು ಸಿಗಲಿಲ್ಲ, ಆದ್ರೂ ಪರವಾಗಿಲ್ಲ. ಊಟ ಎಲ್ಲರಿಗೂ ಆಗುತ್ತೆ.”

“ಎಲ್ಲಿದೆ ಪ್ರಾಣಿ?”

“ಒಳಗೆ ಹಾಕಿದ್ದೀನಿ ಸಾರ್. ಇನ್ನು ಕಾಲು ಗಂಟೆ, ಬೆಂದುಬಿಡುತ್ತೆ.”

ಗುಂಪಿನಲ್ಲಿ ಯಾರೋ ಎದೆಯ ಮೇಲೆ ಶಿಲುಬೆ ಎಳೆದುಕೊಂಡರು.

“ನಾನು ಕೇಳ್ತಿರೋದು ಚುಲೆಂಗೊ!”

“ಚುಲೆಂಗೊನಾ? ಅದು ಹಿತ್ತಲಲ್ಲಿದೆ. ಆದ್ರೆ ಮುಟ್ಟಬೇಡಿ ಸಾರ್, ಇವತ್ತು ಮೈ ಕೆಂಡ ಆಗಿದೆ.”

ಎಲ್ಲರೂ ಹಿತ್ತಲಿಗೆ ನುಗ್ಗಿದೆವು. ಚಾವಣಿಯ ಕೆಳಗೆ, ನಾಲ್ಕು ಕಾಲ ಮೇಲೆ, ಒಂದು ಕಾಲಿಗೆ ಎದೆಲ್ಮೀರಾಳ ಅಂಗಡಿಯ ತಂತಿ ಸುತ್ತಿಸಿಕೊಂಡು, ಕುತ್ತಿಗೆ ಎತ್ತಿ ನಿಂತಿತ್ತು ಚುಲೆಂಗೊ. ಹೊಟ್ಟೆಯಲ್ಲಿ ಸೌದೆ ಉರಿಯುತ್ತಿತ್ತು. ಮೇಲಿನ ಕಂಬಿಗಳ ಮೇಲೆ ಇಡೀ ಕುರಿಯೊಂದು ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಮಗ್ಗುಲಲ್ಲಿ ಆಲೂಗಡ್ಡೆಯ ರೊಟ್ಟಿಗಳು ಉಬ್ಬುತ್ತಿದ್ದವು. ಸುತ್ತಲೂ ಮೂರು ಸಾಲಿನಲ್ಲಿ ಮರದ ದಿಮ್ಮಿಗಳು, ನಡುವೆ ಆ ಒಂದು ಕುರ್ಚಿ.

ಒಲೆಯೊಳಗೆ ಸೌದೆಯೊಂದು ಸಿಡಿಯಿತು.

“ಕೇಳಿದ್ರಾ, ಕೆಮ್ಮಿತು,” ಎಂದ ದೋನ್ ಸಿಕ್ಸ್ತೊ.

ಯಾರೂ ಅವನ ಮುಖ ನೋಡಲಿಲ್ಲ.

ಇನ್‌ಸ್ಪೆಕ್ಟರು ಹಾಲಿನ ಬಾಟಲಿಯನ್ನು ಕೋಟಿನ ಜೇಬಿಗೆ ತುರುಕಿದ. ಆದರೆ ಮೂರು ಗಂಟೆ ವಾಂತಿ ಮಾಡಿಕೊಂಡು ಬಂದ ಸರ್ಕಾರಿ ನೌಕರ ಖಾಲಿ ಫಾರಂ ಹಿಡಿದುಕೊಂಡು ಹಿಂತಿರುಗುವಂತಿಲ್ಲ. ಬೋಟಿನ ಡೀಸೆಲ್‌ಗೆ ಉತ್ತರ ಹೇಳಬೇಕು. ಅವನು ಒಂದು ದಿಮ್ಮಿಯ ಮೇಲೆ ಕಾಲಿಟ್ಟು, ತೊಡೆಯ ಮೇಲೆ ಫಾರಂ ಇಟ್ಟುಕೊಂಡು ಬರೆಯಲು ತೊಡಗಿದ.

“ವಯಸ್ಸು?”

“ನನ್ನದಾ, ಇದರದ್ದಾ?”

“ಇದರದ್ದು.”

“ಹನ್ನೆರಡು.”

“ಗಂಡೋ ಹೆಣ್ಣೋ?”

ಬೆಲಾರ್ಮಿನೊ ಬಗ್ಗಿ ಒಲೆಯ ಕೆಳಗೆ ನೋಡಿದ. “ಆಚೆ ಕಡೆ ಯಾರೂ ವಿಚಾರಿಸ್ತಿರಲಿಲ್ಲ ಸಾರ್.”

“ಗುರುತಿನ ಚಿಹ್ನೆ?”

“ಹೊಟ್ಟೆ ಮೇಲೆ ಏನೋ ಬರೆದಿತ್ತು, ಸುಟ್ಟುಹೋಗಿದೆ.”

“ಆಹಾರ?”

“ಲೂಮಾ ಸೌದೆ. ದಿನಕ್ಕೆ ಒಂದು ಹೊರೆ.”

“ಸ್ವಭಾವ?”

ಬೆಲಾರ್ಮಿನೊ ಸ್ವಲ್ಪ ಯೋಚಿಸಿದ. “ಒಳ್ಳೆಯದು ಸಾರ್. ಮಾತು ಕಡಿಮೆ.”

ಇನ್‌ಸ್ಪೆಕ್ಟರು ಎಲ್ಲವನ್ನೂ ಬರೆದುಕೊಂಡ. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ ಬರೆದ: “ಈ ಮನೆಯಲ್ಲಿ ಕಂಡುಬಂದ ಜೀವಿಗಳ ಸಂಖ್ಯೆ: ಸೊನ್ನೆ. ಇಲ್ಲಿ ಸಹಿ ಮಾಡಿ.”

ಬೆಲಾರ್ಮಿನೊ ಪೆನ್ನು ತೆಗೆದುಕೊಂಡ. ಸಾಲನ್ನು ಬೆರಳಿಟ್ಟು ಓದಿದ. ಸಹಿ ಮಾಡಲಿಲ್ಲ.

“ಸೊನ್ನೆ ಅಂತಿದೆ ಸಾರ್.”

“ಹೌದು.”

“ನಾನಿದ್ದೀನಲ್ಲ.”

ಯಾರೋ ನಗಲು ಶುರುಮಾಡಿ ನಡುವೆಯೇ ನಿಲ್ಲಿಸಿದರು.

“ಅದು ಪ್ರಾಣಿಗಳ ಲೆಕ್ಕ ರೀ. ಮನುಷ್ಯರು ಸೇರೋದಿಲ್ಲ.”

“ಆದ್ರೂ ಸಾರ್, ಒಂದು ಅಂತ ಹಾಕಿ. ಆಮೇಲೆ ಯಾರಾದ್ರೂ ಓದಿದ್ರೆ, ಮನೇಲಿ ಯಾರೂ ಇಲ್ಲ ಅಂದ್ಕೋತಾರೆ.”

ಇನ್‌ಸ್ಪೆಕ್ಟರು ಬಿಸಿಲಿಲ್ಲದ ಆಕಾಶ ನೋಡಿದ, ನಮ್ಮನ್ನು ನೋಡಿದ. ಮೂರೂ ಪ್ರತಿಗಳಲ್ಲಿ ಸೊನ್ನೆಯನ್ನು ಹೊಡೆದು ಒಂದು ಎಂದು ಬರೆದ. ಬೆಲಾರ್ಮಿನೊ ಸಹಿ ಮಾಡಿ, ಈಗ ಎಲ್ಲರೂ ಕೂತ್ಕೊಳ್ಳಿ ಎಂದ.

ಕೂರಬಹುದಿತ್ತು. ದಿಮ್ಮಿಗಳು ಒಣಗಿದ್ದವು, ಒಲೆ ಬೆಚ್ಚಗಿತ್ತು, ಮಾಂಸ ಬೆಂದಿತ್ತು. ಆದರೆ ಹತ್ತು ದಿನ ಒಬ್ಬನನ್ನು ಕೊಲೆಗಾರನೆಂದು ಬೈದ ಬಾಯಿಂದ ಅವನ ಎದುರಿಗೇ ಕೂತು ಅವನ ಕುರಿಯನ್ನು ತಿನ್ನುವುದು ಹೇಗೆ? ಇಡೀ ದ್ವೀಪಕ್ಕೆ ಒಮ್ಮೆಲೇ ನಾಚಿಕೆಯಾಯಿತು. ನಾಚಿಕೆಯಾದರೆ ನಮ್ಮ ಜನ ಕ್ಷಮೆ ಕೇಳುವುದಿಲ್ಲ; ಕೆಲಸವಿದೆ ಎನ್ನುತ್ತಾರೆ.

ದಾರಿ ತೋರಿಸಿದವಳು ಎದೆಲ್ಮೀರಾ. ಶಾಲಿನೊಳಗಿಂದ ತಟ್ಟೆ ಹೊರಗೆ ಬಂತು. “ಯೋಕೊ ಕೊಡು ಮಾರಾಯಾ. ಆ ಗುರುವಾರದಿಂದ ಬಾಕಿ ಇದೆ. ಮನೆಗೆ ಒಯ್ದು ತಿಂತೀನಿ, ಅಂಗಡಿ ಹಾಗೇ ಬಿಟ್ಟು ಬಂದಿದ್ದೀನಿ.”

“ಅಯ್ಯೋ, ಮರೆತೇಬಿಟ್ಟಿದ್ದೆ ಅಕ್ಕಾ!” ಎಂದು ಬೆಲಾರ್ಮಿನೊ ಹಣೆ ಚಚ್ಚಿಕೊಂಡ. ನಮ್ಮ ಕೋಪವೆಲ್ಲ ಈ ತಟ್ಟೆಗಾಗಿ ಮಾತ್ರ ಎಂದುಕೊಂಡು ಅವನಿಗೆ ನಿಜಕ್ಕೂ ಸಂತೋಷವಾಯಿತು. ದೊಡ್ಡ ತುಂಡು ಕತ್ತರಿಸಿ, ಬಟ್ಟೆ ಮುಚ್ಚಿ ಕೊಟ್ಟ.

ಅದನ್ನು ಕಂಡದ್ದೇ ತಡ, ಎಲ್ಲರೂ ಮನೆಗೆ ಓಡಿ ತಟ್ಟೆ ತಂದರು. ಅಷ್ಟು ಚುರುಕಾಗಿ ನಮ್ಮ ಜನ ಚಂಡಮಾರುತದ ದಿನವೂ ಓಡಿದ್ದಿಲ್ಲ. ಒಬ್ಬರಾದ ಮೇಲೆ ಒಬ್ಬರು ತಟ್ಟೆ ಚಾಚುವುದು, ಅವನು ಕತ್ತರಿಸಿ ಹಾಕುವುದು.

“ಕೂತು ತಿನ್ನಬಹುದಲ್ಲ ದೋನ್ ಸಿಕ್ಸ್ತೊ?”

“ಬೋಟು ಕಟ್ಟಿಲ್ಲಪ್ಪಾ, ನೀರು ಇಳೀತಿದೆ.”

“ನೀವು?”

“ಮನೇಲಿ ಕಾಯ್ತಿದ್ದಾರೆ. ಆರಿಹೋದ್ರೆ ರುಚಿ ಇರಲ್ಲ.”

“ಟೀಚರ್, ನೀವಾದ್ರೂ?”

“ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ,” ಎಂದೆ. ನನ್ನ ತಟ್ಟೆಗೆ ಅವನು ಪಕ್ಕೆಯ ಒಳ್ಳೆಯ ಭಾಗ ಹಾಕಿದ.

ವಿಚಾರಣೆಗೆ ಒಳಗಾದವರ ಮನೆಯಲ್ಲಿ ತಿನ್ನುವಂತಿಲ್ಲವೆಂದು ಇನ್‌ಸ್ಪೆಕ್ಟರು ಹೇಳಿದ. ಹೇಳಿ, ಒಂದು ಗರಿಗರಿ ಚರ್ಮವನ್ನು ನಿಂತುಕೊಂಡೇ ತಿಂದು ಬೋಟು ಹತ್ತಿದ. ಎರಡು ಗಂಟೆಯ ಹೊತ್ತಿಗೆ ದ್ವೀಪದ ಪ್ರತಿಯೊಂದು ಅಡುಗೆಮನೆಯಲ್ಲೂ ಬೆಲಾರ್ಮಿನೊನ ಕುರಿಯ ಊಟ ನಡೆಯುತ್ತಿತ್ತು. ಅವನ ಹಿತ್ತಲೊಂದನ್ನು ಬಿಟ್ಟು.

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು ಕಿಟಕಿಯ ಬಳಿ ನಿಂತೆ. ಅವನ ಹೊಗೆ ನೇರವಾಗಿ ಮೇಲೇರುತ್ತಿತ್ತು. ಸ್ವಲ್ಪ ಹೊತ್ತಿಗೆ ತೆಳ್ಳಗಾಯಿತು. ಕೋಟು ಹಾಕಿಕೊಂಡೆ, ತೆಗೆದೆ. ಏನು ಹೇಳಬೇಕೆಂದು ಮೂರು ವಾಕ್ಯ ತಯಾರು ಮಾಡಿದೆ. ಮೂರೂ ವ್ಯಾಕರಣಬದ್ಧವಾಗಿದ್ದವು, ಮೂರೂ ಬೇಡವೆನಿಸಿದವು. ಮತ್ತೆ ಕೋಟು ಹಾಕಿಕೊಂಡು, ತಟ್ಟೆ ಎತ್ತಿಕೊಂಡು ಹೋದೆ.

ಬೆಲಾರ್ಮಿನೊ ದಿಮ್ಮಿಗಳ ನಡುವೆ ಆ ಕುರ್ಚಿಯಲ್ಲಿ ಕೂತಿದ್ದ. ಕುರಿಯ ಕುತ್ತಿಗೆಯ ಮೂಳೆ ಮಾತ್ರ ಉಳಿದಿತ್ತು. ತನಗೆಂದು ಏನನ್ನೂ ಎತ್ತಿಟ್ಟುಕೊಂಡಿರಲಿಲ್ಲ.

“ಎಷ್ಟು ಜನ ಬಂದಿದ್ರು, ಅಲ್ವಾ ಟೀಚರ್?” ಎಂದ. ಆಮೇಲೆ ನನ್ನ ಕೈಯಲ್ಲಿದ್ದ ತಟ್ಟೆ ನೋಡಿ, “ಹಾಲು ಉಕ್ಕಲಿಲ್ವಾ?”

“ಹಾಲು ಇರಲೇ ಇಲ್ಲ,” ಎಂದೆ.

ಅವನು ತಲೆದೂಗಿದ.

“ದೋನ್ ಬೆಲಾರ್ಮಿನೊ, ಆ ಕಾಗದ...”

“ಇನ್‌ಸ್ಪೆಕ್ಟರು ತೋರಿಸಿದ್ರು. ನಿಮ್ಮದೇ ಅಕ್ಷರ. ಏಣಿ ಚೀಟಿಯಲ್ಲಿ ನೋಡಿದ್ದೆ.” ಒಲೆಯ ಬಾಯಿ ತೆರೆದು ಒಂದು ಸೌದೆ ತಳ್ಳಿದ. “ಎಷ್ಟು ಸಲ ‘ಶ್ರೀಯುತರು’ ಅಂತ ಬರೆದಿದ್ದೀರಿ! ನನ್ನ ಬಗ್ಗೆ ಅಷ್ಟು ಮರ್ಯಾದೆಯಾಗಿ ಯಾವ ಕಡೆಯವರೂ ಮಾತಾಡಿದ್ದಿಲ್ಲ.”

ಎದ್ದು, ಕುರ್ಚಿಯನ್ನು ತೋಳಿನಿಂದ ಒರೆಸಿ ನನ್ನ ಕಡೆಗೆ ತಳ್ಳಿ, ತಾನು ಪಕ್ಕದ ದಿಮ್ಮಿಯ ಮೇಲೆ ಕೂತ. ನಡುವೆ ತಟ್ಟೆ ಇಟ್ಟು ಬಟ್ಟೆ ತೆಗೆದೆ.

ಕುರ್ಚಿ ಬೆಚ್ಚಗಿತ್ತು.